ಸೋಲದ ಆಟ ಇಲ್ಲ ಅಂದ ಚಿಕ್ಕಪ್ಪ, 11982 ಅಂದ ಮೇಘಾ

ಶ್ರೀಧರ ಚಿಕ್ಕಪ್ಪ (ಫಾರ್ವರ್ಡ್): ವಿಂಡೋಸ್ 95ರ ಇಸ್ಪೀಟಾಟ ಫ್ರೀಸೆಲ್ ನೆನಪಿದೆಯಾ? ನಂಬರ್ ಹಾಕಿದ ಒಟ್ಟು 32,000 ಆಟ, ಒಂದೊಂದರಲ್ಲೂ ಎಲೆ ಹಂಚಿಕೆ ಬೇರೆ. ಗೆಲ್ಲಲಾಗದ್ದು ಒಂದೂ ಇಲ್ಲ! ತಾಳ್ಮೆ ಇದ್ದವನಿಗೆ ಜೀವನವೂ ಹಾಗೇ. 10 ಜನಕ್ಕೆ ಕಳಿಸಿ 🙏

ಮೇಘಾ: ಚಿಕ್ಕಪ್ಪ, ಇದಕ್ಕೆ ಆಧಾರ ಏನು? 11982ನೇ ಆಟ ಗೆಲ್ಲಕ್ಕಾಗಲ್ಲ.

ಶ್ರೀಧರ ಚಿಕ್ಕಪ್ಪ: ಆಟದ ಹೆಲ್ಪ್‌ನಲ್ಲೇ ಬರೆದಿತ್ತಮ್ಮ.

ಮೇಘಾ: ಎಲ್ಲಾ ಗೆಲ್ಲಬಹುದು ಅಂತ ನಂಬಿಕೆ, ಆದ್ರೆ ಸಾಬೀತಾಗಿಲ್ಲ ಅಂತ ಬರೆದಿತ್ತು. ಫಾರ್ವರ್ಡ್ ಬರೆದವರು ಅರ್ಧ ನುಂಗಿದಾರೆ. 1994ರಲ್ಲಿ ಡೇವ್ ರಿಂಗ್ ಅನ್ನೋರು ಇಂಟರ್ನೆಟ್‌ನಲ್ಲಿ ಜನ ಸೇರಿಸಿ 32,000 ಆಟಾನೂ ಹಂಚಿ ಆಡಿಸಿದ್ರು. ಒಬ್ಬರ ಕೈಲಾಗದ್ದು ಇನ್ನೊಬ್ಬರಿಗೆ ಹೋಗ್ತಿತ್ತು. 1995ರಲ್ಲಿ ಮುಗಿದಾಗ ಉಳಿದದ್ದು 11982 ಒಂದೇ. ಆಮೇಲೆ ಪ್ರೋಗ್ರಾಂಗಳಿಂದ ಹುಡುಕಿಸಿದ್ರೂ ದಾರಿ ಸಿಗಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ 10 ಲಕ್ಷ ಆಟ, ಆಗದೇ ಇರೋವು 8.

ಸುಮಾ ಅತ್ತೆ: ಇವಳು ಗೃಹಪ್ರವೇಶದ ಮುಹೂರ್ತಕ್ಕೂ ಆಧಾರ ಕೇಳಿದ್ಲು 😄

ದೊಡ್ಡಪ್ಪ: ದೊಡ್ಡೋರು ಒಂದು ಒಳ್ಳೆ ಮಾತು ಹಾಕಿದ್ರೆ ಅದರಲ್ಲೂ ಲೆಕ್ಕ ತೆಗೀಬೇಕಾ? ಹಾಗಂತ ಶ್ರೀಧರಂದೂ ಸರಿಯಲ್ಲ. ಕಂಪ್ಯೂಟರಲ್ಲಿ ಆಡಿದ್ರೂ ಇಸ್ಪೀಟು ಇಸ್ಪೀಟೇ.

ಕಿಟ್ಟಿ: ಅದೆಲ್ಲ ಬಿಡಿ, ಹಳೇ ಕಂಪ್ಯೂಟರ್ ಆಟ ಪ್ರಿನ್ಸ್ ಆಫ್ ಪರ್ಷಿಯಾ!! ಅದಕ್ಕೊಂದು ಚೀಟ್ ಇತ್ತು. ಡಾಸ್ (ವಿಂಡೋಸ್‌ಗೂ ಮುಂಚಿನ ಸಿಸ್ಟಮ್) ಪ್ರಾಂಪ್ಟಲ್ಲಿ 'ಪ್ರಿನ್ಸ್ ಮೆಗಾಹಿಟ್' ಅಂತ ಹೊಡೆದು ಎಂಟರ್. ಶಿಫ್ಟ್ ಎಲ್ ಅಂದ್ರೆ ಮುಂದಿನ ಲೆವೆಲ್, ಶಿಫ್ಟ್ ಟಿ ಅಂದ್ರೆ ಒಂದು ಜೀವ ಜಾಸ್ತಿ, ಕೆ ಒತ್ತಿದ್ರೆ ಎದುರಿಗಿರೋ ಸೈನಿಕ ಢಮಾರ್. ಆಹಾ ಆ ಕಾಲ!

ಮೇಘಾ: ಮೆಗಾಹಿಟ್ ಆಟದ 1.0 ವರ್ಷನ್‌ಗೆ ಮಾತ್ರ. 1.3, 1.4ರಲ್ಲಿ ಮೆಗಾಹಿಟ್ ಬದಲು 'ಇಂಪ್ರೂವ್ಡ್' ಅಂತ ಹೊಡೀಬೇಕು.

ಕಿಟ್ಟಿ: ಬಂದ್ಲಪ್ಪಾ. ಚೀಟ್ ಇಲ್ದೇನೂ ಶಿಫ್ಟ್ ಎಲ್ ನಡೆಯುತ್ತೆ ಕಣೇ.

ಮೇಘಾ: ನಾಲ್ಕನೇ ಲೆವೆಲ್ ತನಕ. ಅದೂ 60 ನಿಮಿಷದ ಆಟ 15 ನಿಮಿಷಕ್ಕೆ ಇಳಿದುಬಿಡುತ್ತೆ, ಅದನ್ನ ಹೇಳಲ್ಲ ನೀನು.

ಶ್ರೀಧರ ಚಿಕ್ಕಪ್ಪ: ಫ್ರೀಸೆಲ್‌ನಲ್ಲೂ ಇತ್ತಲ್ಲ! ಕಂಟ್ರೋಲ್, ಶಿಫ್ಟ್, ಎಫ್10 ಮೂರೂ ಒಟ್ಟಿಗೆ. ಬಾಕ್ಸ್ ಬರುತ್ತೆ, ಅಬಾರ್ಟ್ ಒತ್ತಿ ಯಾವುದಾದ್ರೂ ಎಲೆ ಸರಿಸಿದ್ರೆ ಗೆದ್ದ ಹಾಗೆ. 11982 ಕೂಡ ಗೆಲ್ಲುತ್ತೆ. ಈಗೇನಂತೀಯಾ?

ದೊಡ್ಡಪ್ಪ: ಅದು ಗೆಲುವಾದ್ರೆ ನಿನ್ನ ಕೇರಂ ಕೂಡ ಗೆಲುವೇ. ಕೆಂಪು ಕಾಯಿ ಯಾರ ಮಂಡಿ ಕೆಳಗೆ ಸಿಕ್ತು ಅಂತ ಮನೇಲಿ ಎಲ್ಲರಿಗೂ ಗೊತ್ತು.

ಶ್ರೀಧರ ಚಿಕ್ಕಪ್ಪ: ಅಣ್ಣಾ, ಅದನ್ನ ಇನ್ನೂ ಬಿಟ್ಟಿಲ್ವಾ ನೀನು?

ಸುಮಾ ಅತ್ತೆ: ಕೆಂಪು ಕಾಯಿ ಸಿಕ್ಕಿದ್ದು ನನಗೆ. ಅದಿರಲಿ, ಇವೆಲ್ಲ ಈಗಲೂ ಆಡಬಹುದಾ?

ಮೇಘಾ: ಆಡಬಹುದು ಅತ್ತೆ. ಹಳೇ ಎಕ್ಸ್‌ಪಿ ಕಂಪ್ಯೂಟರ್ ಇದ್ರೆ ಸಿಸ್ಟಮ್32 ಫೋಲ್ಡರಲ್ಲಿ ಫ್ರೀಸೆಲ್ ಡಾಟ್ ಇಎಕ್ಸ್ಇ, ಕಾರ್ಡ್ಸ್ ಡಾಟ್ ಡಿಎಲ್ಎಲ್ ಇರುತ್ತೆ. ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿ. ಎರಡನೇದು ಬಿಟ್ರೆ ಆಟ ತೆರೆಯೋದೇ ಇಲ್ಲ, ಎಲೆಯ ಚಿತ್ರಗಳಿರೋದು ಅದರಲ್ಲೇ. ಪ್ರಿನ್ಸ್ 16 ಬಿಟ್ ಆಟ, 64 ಬಿಟ್ ವಿಂಡೋಸ್ ಅದನ್ನ ಓಡಿಸಲ್ಲ, ಹಳೇ ಡಾಸ್ ಆಟ ಓಡಿಸೋ ಡಾಸ್‌ಬಾಕ್ಸ್ ಅನ್ನೋ ಪ್ರೋಗ್ರಾಂ ಬೇಕು. ಅದರಲ್ಲಿ 'ಮೌಂಟ್ ಸಿ' ಅಂತ ಬರೆದು ಮುಂದೆ ಆಟದ ಫೋಲ್ಡರ್ ದಾರಿ ಕೊಡಿ. ಪೂರ್ತಿ ಸಿ ಡ್ರೈವ್ ಕೊಡಬೇಡಿ. ಆಮೇಲೆ 'ಸಿ:' ಎಂಟರ್, ಆಟದ ಹೆಸರು. ನಿಧಾನ ಆದ್ರೆ ಕಂಟ್ರೋಲ್ ಎಫ್12, ವೇಗ ಜಾಸ್ತಿ ಆದ್ರೆ ಕಂಟ್ರೋಲ್ ಎಫ್11.

ಕಿಟ್ಟಿ: ಮೌಸ್ ಒಳಗೇ ಸಿಕ್ಕಿಹಾಕ್ಕೊಂಡ್ರೆ ಕಂಟ್ರೋಲ್ ಎಫ್10. ಇದು ನಾನು ಹೇಳಿದ್ದು, ನೋಟ್ ಮಾಡ್ಕೊಳ್ಳಿ.

ದೊಡ್ಡಪ್ಪ: ಫ್ರೀಸೆಲ್‌ನಲ್ಲಿ ಐದು ಎಲೆ ಒಟ್ಟಿಗೆ ಸರೀತಿರಲಿಲ್ಲ, ಯಾಕೆ?

ಮೇಘಾ: 😮 ದೊಡ್ಡಪ್ಪ ನೀವೂನಾ? ಎಲೆ ತಾತ್ಕಾಲಿಕವಾಗಿ ಇಡೋಕೆ ಮೇಲೆ ನಾಲ್ಕು ಖಾನೆ ಇದೆಯಲ್ಲ, ಒಂದೊಂದೇ ಎಲೆ ಅಲ್ಲಿನ ಖಾಲಿ ಖಾನೆಗೆ ಹೋಗಿ ಬರೋದು ಅದು. ಖಾಲಿ ಖಾನೆ ಎಷ್ಟಿದೆಯೋ ಅದಕ್ಕೊಂದು ಸೇರಿಸಿ. ನಾಲ್ಕೂ ಖಾಲಿ ಇದ್ರೆ ಮಾತ್ರ ಐದು.

ದೊಡ್ಡಪ್ಪ: ಆಫೀಸಲ್ಲಿ ಪಕ್ಕದವರು ಆಡೋದನ್ನ ನೋಡಿದ್ದೆ ಅಷ್ಟೇ.

ಸುಮಾ ಅತ್ತೆ: 🤣🤣

ಶ್ರೀಧರ ಚಿಕ್ಕಪ್ಪ: ಮೇಘಾ, ಎಫ್3 ಒತ್ತಿ 11982 ಹಾಕಿದೀನಿ. ನಾಲ್ಕು ಖಾನೆನೂ ತುಂಬಿದೆ. ಒಂದು ಹೆಜ್ಜೆ ಹಿಂದೆ ಹೋಗೋದು ಹೇಗೆ?

ಮೇಘಾ: ಎಫ್10. ಒಂದೇ ಹೆಜ್ಜೆ ಚಿಕ್ಕಪ್ಪ, ಅದಕ್ಕಿಂತ ಹಿಂದೆ ಹೋಗಲ್ಲ.

ಶ್ರೀಧರ ಚಿಕ್ಕಪ್ಪ: ಎರಡು ಬೇಕಿತ್ತು.