"ಈ ಸಲ ಚಳಿ ಜಾಸ್ತಿಯಂತೆ": ಮೂರು ತಿಂಗಳ ಮುಂಚಿನ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮಸ್ಕಾರ. ಗುಂಪಿನಲ್ಲಿ ಹವಾಮಾನ ಮುನ್ಸೂಚನೆಯ ಕೆಲಸದಲ್ಲಿರುವವರು ಒಬ್ಬರಿದ್ದಾರೆ ಎಂದು ಗೊತ್ತಾಯಿತು, ಅವರಿಗೇ ಈ ಪ್ರಶ್ನೆ. ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ "ಈ ಬಾರಿ ಭಯಂಕರ ಚಳಿ" ಎಂಬ ಸುದ್ದಿ ಶುರುವಾಗುತ್ತದೆ. ಹೋದ ವರ್ಷ ಅದನ್ನೇ ನಂಬಿ ದಪ್ಪದೊಂದು ಕೋಟು ತೆಗೆದುಕೊಂಡೆ. ಇನ್ನೂ ಬೀರುವಿನಲ್ಲೇ ನೇತಾಡುತ್ತಿದೆ, ಒಂದು ದಿನವೂ ಹಾಕಲಿಲ್ಲ. ನಾಡಿದ್ದು ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವುದೇ ಕೆಲವು ಸಲ ತಪ್ಪಾಗುತ್ತದೆ. ಅಂಥದ್ದರಲ್ಲಿ ಮೂರು ತಿಂಗಳ ಮುಂದಿನದ್ದು ಹೇಗೆ ಹೇಳುತ್ತಾರೆ? ಸುಮ್ನೆ ಬಾಯಿಗೆ ಬಂದದ್ದಾ?

ಉತ್ತರ: ಬಾಯಿಗೆ ಬಂದದ್ದಲ್ಲ. ಆದರೆ ನಾವು ಹೇಳಿದ್ದು ಒಂದು, ನಿಮ್ಮ ಕಿವಿಗೆ ಬಿದ್ದದ್ದು ಇನ್ನೊಂದು. ಕೋಟು ಬೀರುವಿಗೆ ಸೇರಿದ್ದು ಆ ನಡುವಿನ ಅಂತರದಲ್ಲಿ.

ನಾಡಿದ್ದಿನ ಮಳೆ ಮತ್ತು ಮೂರು ತಿಂಗಳಾಚೆಯ ಚಳಿ, ಇವು ಒಂದೇ ಪ್ರಶ್ನೆಯ ಚಿಕ್ಕ-ದೊಡ್ಡ ರೂಪಗಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ನಾಡಿದ್ದಿನದಕ್ಕೆ ಈ ಕ್ಷಣದ ಗಾಳಿ, ಒತ್ತಡ, ತೇವಾಂಶ ಎಲ್ಲವನ್ನೂ ಅಳೆದು ಕಂಪ್ಯೂಟರ್‌ನಲ್ಲಿ ಮುಂದಕ್ಕೆ ಓಡಿಸುತ್ತೇವೆ. ಆ ದಾರಿ ಹೆಚ್ಚು ದೂರ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂಬುದು 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ ಅವರ ಕಣ್ಣಿಗೆ ಬಿತ್ತು. ಅವರು ತಮ್ಮ ಪುಟ್ಟ ಹವಾಮಾನ ಮಾಡೆಲನ್ನು, ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮನ್ನು, ನಡುವಿನಿಂದ ಮತ್ತೆ ಓಡಿಸಬೇಕಿತ್ತು. ಮುದ್ರಿತ ಹಾಳೆಯಲ್ಲಿದ್ದ ಅಂಕಿಯನ್ನು ನೋಡಿ 0.506 ಎಂದು ಟೈಪ್ ಮಾಡಿದರು. ಯಂತ್ರದ ಒಳಗಿದ್ದ ಅಂಕಿ 0.506127. ಕಾಫಿ ಕುಡಿದು ಬಂದು ನೋಡಿದರೆ, ಮೊದಲು ಜೊತೆಜೊತೆಗೇ ಸಾಗುತ್ತಿದ್ದ ಎರಡು ಓಟಗಳು ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ದಿಕ್ಕಾಪಾಲಾಗಿದ್ದವು. ಇಡೀ ಭೂಮಿಯ ಗಾಳಿಯನ್ನು ನಾವು ಎಷ್ಟೇ ಚೆನ್ನಾಗಿ ಅಳೆದರೂ ಅಂಥ ಒಂದು ಚೂರು ತಪ್ಪು ಉಳಿದೇ ಉಳಿಯುತ್ತದೆ. ಅದು ಬೆಳೆಯುತ್ತಾ ಹೋಗುತ್ತದೆ. ಎರಡು ವಾರದ ಹೊತ್ತಿಗೆ "ಯಾವ ದಿನ ಏನು" ಎಂಬ ಲೆಕ್ಕ ಕೈತಪ್ಪುತ್ತದೆ.

ಹಾಗಾಗಿ ಮೂರು ತಿಂಗಳಿನದಕ್ಕೆ ಗಾಳಿಯನ್ನು ಕೇಳುವುದಿಲ್ಲ, ಸಮುದ್ರವನ್ನು ಕೇಳುತ್ತೇವೆ. ಗಾಳಿಗೆ ಮರೆವು ಜಾಸ್ತಿ, ಸಮುದ್ರಕ್ಕೆ ನೆನಪು ಜಾಸ್ತಿ. ಸಮುದ್ರದ ಮೇಲಿನ ಎರಡು-ಮೂರು ಮೀಟರ್ ನೀರು ಹಿಡಿದಿಡುವ ಶಾಖ ಇಡೀ ವಾತಾವರಣ ಹಿಡಿಯುವಷ್ಟಿದೆ. ಪೆಸಿಫಿಕ್ ಸಾಗರದ ನಡುಮಧ್ಯದ ನೀರು ಅಕ್ಟೋಬರ್‌ನಲ್ಲಿ ವಾಡಿಕೆಗಿಂತ ಬಿಸಿಯಾಗಿದ್ದರೆ ಜನವರಿಯಲ್ಲೂ ಹಾಗೇ ಇರುವ ಸಾಧ್ಯತೆ ದೊಡ್ಡದು. ಆ ಬಿಸಿನೀರು ಮೇಲಿನ ಗಾಳಿಯ ಹರಿವನ್ನು ಸ್ವಲ್ಪ ಒಂದು ಕಡೆಗೆ ತಳ್ಳುತ್ತದೆ. ಸ್ವಲ್ಪ ಅಂದೆ, ಗಮನಿಸಿ.

ಈಗ ನಾವು ಹೇಳುವುದು ಏನು ಎಂದು ನೋಡೋಣ. ಋತು ಮುನ್ಸೂಚನೆಯ ನಿಜವಾದ ಹಾಳೆಯಲ್ಲಿ "ಭಯಂಕರ ಚಳಿ" ಎಂಬ ಮಾತು ಎಲ್ಲೂ ಇರುವುದಿಲ್ಲ. ಮೂರು ಡಬ್ಬಿಗಳಿರುತ್ತವೆ: ವಾಡಿಕೆಗಿಂತ ತಣ್ಣಗೆ, ವಾಡಿಕೆಯಷ್ಟು, ವಾಡಿಕೆಗಿಂತ ಬೆಚ್ಚಗೆ. ಹಿಂದಿನ 30 ಚಳಿಗಾಲಗಳನ್ನು, ಈಗ ಸಾಮಾನ್ಯವಾಗಿ 1991ರಿಂದ 2020ರವರೆಗಿನವನ್ನು, ಸಾಲಾಗಿ ಜೋಡಿಸಿ ಮೂರು ಸಮಪಾಲು ಮಾಡಿರುತ್ತಾರೆ. ಹಾಗಾಗಿ ಏನೂ ಗೊತ್ತಿಲ್ಲದವನೂ ಪ್ರತಿ ಡಬ್ಬಿಗೆ ಶೇ 33 ಎಂದು ಹೇಳಬಹುದು. ಒಂದು ವರ್ಷ ಹಾಳೆಯಲ್ಲಿ ತಣ್ಣಗೆ ಶೇ 42, ವಾಡಿಕೆಯಷ್ಟು ಶೇ 33, ಬೆಚ್ಚಗೆ ಶೇ 25 ಎಂದಿದೆ ಎನ್ನಿ. ನಮ್ಮ ಕೆಲಸದಲ್ಲಿ ಇದು ಒಳ್ಳೇ ಸ್ಪಷ್ಟ ಸೂಚನೆಯೇ. ಸುದ್ದಿಯವರು ಅದನ್ನು "ಈ ಬಾರಿ ಚಳಿ ಜಾಸ್ತಿ" ಎಂದು ಬರೆಯುತ್ತಾರೆ. ಆದರೆ ಅದೇ ಹಾಳೆಯನ್ನು ತಿರುಗಿಸಿ ಓದಿ. ಚಳಿ ಜಾಸ್ತಿ *ಆಗದಿರುವ* ಸಾಧ್ಯತೆ ಶೇ 58! ನಿಮ್ಮ ಕೋಟು ಆ 58ಕ್ಕೆ ಸೇರಿದ್ದು.

ಶಕುನಿಯ ದಾಳ ಅವನು ಕೇಳಿದ ಗರವನ್ನೇ ಹಾಕುತ್ತಿತ್ತಂತೆ. ನಮ್ಮದು ಅಂಥದ್ದಲ್ಲ. ಒಂದು ಮೂಲೆ ಸ್ವಲ್ಪ ಸವೆದ ದಾಳ, ಅಷ್ಟೇ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಬೇಜಾರು ಮಾಡ್ಕೋಬೇಡಿ, ಇದು ಜಾರಿಕೊಳ್ಳುವ ದಾರಿ ಅಲ್ವಾ? ಶೇ 42 ಎಂದರೆ ಚಳಿ ಬಂದರೂ ನೀವು ಸರಿ, ಬರದಿದ್ದರೂ ಸರಿ. ಹಾಗಾದರೆ ನೀವು ತಪ್ಪಾಗುವುದು ಯಾವಾಗ?

ಉತ್ತರ: ಬೇಜಾರೇನಿಲ್ಲ, ಕೇಳಲೇಬೇಕಾದ ಪ್ರಶ್ನೆ. ಒಂದೇ ಒಂದು ಚಳಿಗಾಲ ಇಟ್ಟುಕೊಂಡು ನಮ್ಮನ್ನು ಹಿಡಿಯಲು ಆಗುವುದಿಲ್ಲ, ಒಪ್ಪಿದೆ. ಲೆಕ್ಕದ ಪುಸ್ತಕ ತೆರೆದರೆ ಹಿಡಿಯಬಹುದು. "ಶೇ 40" ಎಂದು ಹೇಳಿದ ಎಲ್ಲಾ ಸಲಗಳನ್ನೂ, ಎಲ್ಲಾ ಊರುಗಳನ್ನೂ ಗುಡ್ಡೆ ಹಾಕಿ. ಅದರಲ್ಲಿ ಹತ್ತಕ್ಕೆ ನಾಲ್ಕು ಸಲ ಹೇಳಿದ್ದು ನಡೆದಿರಬೇಕು. ಎರಡೇ ಸಲ ನಡೆದಿದ್ದರೆ ಮುನ್ಸೂಚನೆ ಕೆಟ್ಟದ್ದು. ಎಂಟು ಸಲ ನಡೆದಿದ್ದರೂ ಕೆಟ್ಟದ್ದೇ, ಯಾಕೆಂದರೆ ಗಟ್ಟಿಯಾಗಿ ಹೇಳಬಹುದಾಗಿದ್ದನ್ನು ಹೆದರಿ ಮೆತ್ತಗೆ ಹೇಳಿದ್ದೀರಿ. ನಮ್ಮಲ್ಲಿ ವಿಶ್ವಾಸಾರ್ಹತೆ ಎಂಬ ಮಾತಿಗೆ ಇದೇ ಅರ್ಥ. ಇದಕ್ಕೆ 30 ವರ್ಷ ಕಾಯಬೇಕಿಲ್ಲ. ಇಂದಿನ ಮಾಡೆಲನ್ನೇ ಹಳೆಯ ವರ್ಷಗಳ ಮೇಲೆ ಓಡಿಸಿ, ಆ ದಿನಕ್ಕೆ ಗೊತ್ತಿದ್ದಷ್ಟನ್ನೇ ಕೊಟ್ಟು, ಆಮೇಲೆ ಏನಾಯಿತೋ ಅದರ ಜೊತೆ ಹೋಲಿಸುತ್ತಾರೆ. ಹೊಸ ಮಾಡೆಲ್ ಬಂದಾಗಲೆಲ್ಲ ಈ ಪರೀಕ್ಷೆ ಇದ್ದೇ ಇರುತ್ತದೆ.

ಇನ್ನೊಂದು ಪೆಟ್ಟೂ ಇದೆ, ಅದು ಜನ ಕೊಡುವ ಪೆಟ್ಟು. 2009ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಮೆಟ್ ಆಫೀಸ್ ಆ ಬೇಸಿಗೆಯನ್ನು "ಬಾರ್ಬೆಕ್ಯೂ ಬೇಸಿಗೆ", ಅಂದರೆ ಹೊರಗೆ ಬಿಸಿಲಲ್ಲಿ ಕೂತು ಸುಟ್ಟು ತಿನ್ನುವ ಬೇಸಿಗೆ, ಎಂದು ಕರೆದಿತ್ತು. ಜುಲೈ ತಿಂಗಳು ಮಳೆಯಲ್ಲಿ ಕೊಚ್ಚಿಹೋಯಿತು. ಚಳಿಗಾಲ ವಾಡಿಕೆಯಷ್ಟು ಅಥವಾ ಅದಕ್ಕಿಂತ ಬೆಚ್ಚಗಿರುವ ಸಾಧ್ಯತೆಯೇ ಹೆಚ್ಚು ಎಂದರು. ಬಂದದ್ದು ಅಲ್ಲಿನ 30 ವರ್ಷಗಳಲ್ಲೇ ಅತಿ ಹೆಚ್ಚಿನ ಚಳಿ. 2010ರ ಮಾರ್ಚ್‌ನಲ್ಲಿ, ಇನ್ನು ಮುಂದೆ ಜನರಿಗಾಗಿ ಋತು ಮುನ್ಸೂಚನೆ ಹೊರಡಿಸುವುದಿಲ್ಲ ಎಂದು ನಿಲ್ಲಿಸಿಬಿಟ್ಟರು. ಅವರ ಮೂಲ ಲೆಕ್ಕದಲ್ಲಿ ಶೇಕಡಾವಾರು ಇತ್ತು. ಆದರೆ "ಬಾರ್ಬೆಕ್ಯೂ" ಎಂಬ ಪದಕ್ಕೆ ಶೇಕಡಾವಾರು ಇರುವುದಿಲ್ಲವಲ್ಲ. ಆ ಒಂದು ಪದ ಮಾಡಿದ ಹಾನಿಯನ್ನು ಮಾಡೆಲ್ ಕೂಡ ಮಾಡಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ತಮಾಷೆ ಏನೆಂದರೆ, ಅದೇ ಸಂಸ್ಥೆಯ ಸಂಶೋಧಕರು 2014ರಲ್ಲಿ ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಗಾಳಿಯ ಒತ್ತಡದ ಏರುಪೇರನ್ನು (ಯುರೋಪಿನ ಚಳಿ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆ) ತಿಂಗಳುಗಟ್ಟಲೆ ಮುಂಚೆ ಹೇಳಬಹುದು ಎಂದು ತೋರಿಸಿದರು. ಹೇಳಿದ್ದಕ್ಕೂ ಆದದ್ದಕ್ಕೂ ಸುಮಾರು 0.6ರಷ್ಟು ಹೊಂದಾಣಿಕೆ. 1 ಬಂದಿದ್ದರೆ ಪೂರ್ತಿ ಹೊಂದಾಣಿಕೆ, 0 ಎಂದರೆ ಏನೂ ಇಲ್ಲ. 0.6 ಎಂದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಸಿಕ್ಕಿತು ಎಂದು ಅರ್ಥ. ಉಳಿದದ್ದು ಇನ್ನೂ ಕೈಗೆ ಸಿಕ್ಕಿಲ್ಲ. ಆದರೂ ಯುರೋಪಿನ ಚಳಿಗಾಲದ ಮಟ್ಟಿಗೆ ಇದು ದೊಡ್ಡ ಹೆಜ್ಜೆಯೇ.

ಪ್ರಶ್ನೆ: ಎಲ್ ನಿನೊ ಬಂದರೆ ಹೀಗೆ, ಲಾ ನಿನಾ ಬಂದರೆ ಹಾಗೆ ಎಂದು ಖಚಿತವಾಗಿ ಹೇಳುತ್ತಾರಲ್ಲ. ಅದಾದರೂ ನಂಬಬಹುದಾ?

ಉತ್ತರ: ಋತು ಮುನ್ಸೂಚನೆಗೆ ಇರುವ ಅತಿ ದೊಡ್ಡ ಊರುಗೋಲು ಅದೇ. ಆದರೆ ಊರುಗೋಲು ದಾರಿ ತೋರಿಸುವುದಿಲ್ಲ.

ಸಮಭಾಜಕದ ಬಳಿಯ ಪೆಸಿಫಿಕ್ ನೀರು ವಾಡಿಕೆಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ತಿಂಗಳುಗಟ್ಟಲೆ ಹಾಗೇ ನಿಂತರೆ ಎಲ್ ನಿನೊ, ಅಷ್ಟೇ ತಣ್ಣಗಾಗಿ ನಿಂತರೆ ಲಾ ನಿನಾ. 2015-16ರಲ್ಲಿ ದಾಖಲೆಯ ಮಟ್ಟದ ಎಲ್ ನಿನೊ ಇತ್ತು. ದಕ್ಷಿಣ ಕ್ಯಾಲಿಫೋರ್ನಿಯಾ ಬರದಲ್ಲಿ ಬೇಯುತ್ತಿತ್ತು. ಈ ಸಲ ಮಳೆ ಗ್ಯಾರಂಟಿ ಎಂದು ಎಲ್ಲರೂ ಕಾದರು. ಅಲ್ಲಿ ಮಳೆ ವಾಡಿಕೆಗಿಂತ ಕಡಿಮೆಯೇ ಆಯಿತು. 2022-23ರಲ್ಲಿ ಉಲ್ಟಾ. ಸತತ ಮೂರನೇ ವರ್ಷ ಲಾ ನಿನಾ, ಒಣ ಚಳಿಗಾಲದ ಸೂಚನೆ. ಬಂದದ್ದು ಒಂದರ ಹಿಂದೊಂದು ಬಿರುಗಾಳಿ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಮನೆಗಳ ಮೊದಲ ಮಹಡಿ ಮುಚ್ಚುವಷ್ಟು ಹಿಮ. ಎರಡೂ ಸಲ ಸಮುದ್ರದ ಬಗ್ಗೆ ಹೇಳಿದ್ದು ಸರಿಯಾಗಿತ್ತು, ಅದರಿಂದ ಒಂದು ಊರಿಗೆ ಏನಾಗುತ್ತದೆ ಎಂಬುದು ಕೈಕೊಟ್ಟಿತು. ನಾನು ಬೇಕೆಂದೇ ಸೋತ ವರ್ಷಗಳನ್ನು ಹೇಳುತ್ತಿದ್ದೇನೆ. ಗೆದ್ದ ವರ್ಷಗಳೂ ಇವೆ, ಲೆಕ್ಕ ಹಾಕಿದರೆ ಅವೇ ಸ್ವಲ್ಪ ಜಾಸ್ತಿ. ಆದರೆ ಅವು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಮಾರ್ಚ್-ಏಪ್ರಿಲ್‌ನಲ್ಲೇ "ಬರುವ ಚಳಿಗಾಲಕ್ಕೆ ಎಲ್ ನಿನೊ" ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಆ ತಿಂಗಳುಗಳಲ್ಲಿ ಪೆಸಿಫಿಕ್ ಯಾವ ಕಡೆ ಹೊರಳಬೇಕೆಂದು ಇನ್ನೂ ತೀರ್ಮಾನಿಸಿರುವುದಿಲ್ಲ. ಜೂನ್ ದಾಟಿದ ಮೇಲೆ ಹೇಳಿದ್ದಕ್ಕೆ ತೂಕ ಹೆಚ್ಚು.

ಪ್ರಶ್ನೆ: ಪೋಲಾರ್ ವೋರ್ಟೆಕ್ಸ್ ಒಡೆಯಿತು, ಇನ್ನು ಚಳಿ ಎಂದು ವಿಡಿಯೋ ಬರುತ್ತಿರುತ್ತವಲ್ಲ?

ಉತ್ತರ: ಅದು ಬೇರೆ ಜಾತಿಯ ಸೂಚನೆ. ಚಳಿಗಾಲದಲ್ಲಿ ಧ್ರುವದ ಮೇಲೆ, ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, ಜೋರಾದ ಗಾಳಿಯ ಸುಳಿಯೊಂದು ತಿರುಗುತ್ತಿರುತ್ತದೆ. ಕೆಲವು ವರ್ಷ ಕೆಳಗಿನಿಂದ ಬಂದ ಅಲೆಗಳು ಅದನ್ನು ಕೆಡಿಸುತ್ತವೆ. ಅಲ್ಲಿನ ಗಾಳಿ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾಗುತ್ತದೆ. ಇದನ್ನು ಮೊದಲು ಕಂಡವರು ಬರ್ಲಿನ್‌ನ ಹವಾಮಾನ ವಿಜ್ಞಾನಿ ರಿಚರ್ಡ್ ಶೆರ್ಹಾಗ್, 1952ರಲ್ಲಿ. 2018ರ ಫೆಬ್ರವರಿ ಮಧ್ಯದಲ್ಲಿ ಹೀಗಾಯಿತು, ಎರಡು ವಾರದಲ್ಲಿ ಸೈಬೀರಿಯಾದ ಕಡೆಯ ಗಾಳಿ ಯುರೋಪಿಗೆ ನುಗ್ಗಿತು. ಎಲ್ಲ ಸಲವೂ ಹಾಗಾಗುವುದಿಲ್ಲ, ಕೆಲವು ಸಲ ಮೇಲಿನ ಗಲಾಟೆ ಮೇಲೇ ಮುಗಿಯುತ್ತದೆ.

ಇದು ಒಂದೆರಡು ವಾರ ಮುಂಚೆ ಕಾಣುತ್ತದೆ, ಅಕ್ಟೋಬರ್‌ನಲ್ಲಿ ಕಾಣುವುದಿಲ್ಲ. ಅಲ್ಲದೆ, ಮೂರು ತಿಂಗಳ ಸರಾಸರಿ ಒಂದು ವಾರದ ನರಕವನ್ನು ನುಂಗಿಬಿಡುತ್ತದೆ. 2020-21ರ ಚಳಿಗಾಲವನ್ನು ಒಟ್ಟಾಗಿ ನೋಡಿದರೆ ಅಮೆರಿಕದಲ್ಲಿ ಅದು 20ನೇ ಶತಮಾನದ ಸರಾಸರಿಗಿಂತ ಬೆಚ್ಚಗೇ ಇತ್ತು. ಅದೇ ಚಳಿಗಾಲದ ಫೆಬ್ರವರಿ ಮಧ್ಯದಲ್ಲಿ ಟೆಕ್ಸಾಸ್‌ನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳಿಗೆ ಕರೆಂಟ್ ಇರಲಿಲ್ಲ, ಪೈಪಿನ ನೀರು ಹೆಪ್ಪುಗಟ್ಟಿತು, ಜನ ಸತ್ತರು. "ಬೆಚ್ಚಗಿನ ಚಳಿಗಾಲ" ಎಂಬ ಮಾತು ಲೆಕ್ಕಕ್ಕೆ ಸರಿ. ಆ ವಾರ ಕತ್ತಲಲ್ಲಿ ನಡುಗುತ್ತಾ ಕೂತವರಿಗೆ ಹೋಗಿ ಹೇಳಿ ನೋಡೋಣ.

ಪ್ರಶ್ನೆ: ನನ್ನ ಫೋನಿನ ಆ್ಯಪ್ 60 ದಿನದ ಮುಂದಿನ ತಾರೀಖಿಗೆ "ಮಧ್ಯಾಹ್ನ 11 ಡಿಗ್ರಿ, ಭಾಗಶಃ ಮೋಡ" ಎನ್ನುತ್ತದೆ.

ಉತ್ತರ: ಆ ತಾರೀಖಿನ ಹಳೆಯ ವರ್ಷಗಳ ಸರಾಸರಿಗೆ ಸ್ವಲ್ಪ ಒಗ್ಗರಣೆ. ನೋಡಬೇಡಿ.

ಪ್ರಶ್ನೆ: ಕಂಬಳಿಹುಳು ನೋಡಿ ಚಳಿ ಹೇಳುತ್ತಾರಂತೆ, ಪಂಚಾಂಗದಂಥ ಪುಸ್ತಕಗಳೂ ಇವೆಯಂತೆ. ಅದೂ ಇದೂ ಒಂದೇ ಅಲ್ವಾ ಹಾಗಾದರೆ?

ಉತ್ತರ: ಅಮೆರಿಕದಲ್ಲಿ ಒಂದು ಕಂಬಳಿಹುಳುವಿದೆ, ಎರಡು ತುದಿ ಕಪ್ಪು, ನಡುವೆ ಕಂದು ಪಟ್ಟಿ. ಪಟ್ಟಿ ಅಗಲವಾಗಿದ್ದರೆ ಚಳಿ ಕಡಿಮೆ ಎಂಬ ನಂಬಿಕೆ. ಆ ಪಟ್ಟಿಯ ಅಗಲ ಹುಳುವಿನ ವಯಸ್ಸು, ಅದು ಬೆಳೆದ ಕಾಲದ ತೇವ ಇವುಗಳ ಮೇಲೆ ನಿಂತಿದೆ. ಅಂದರೆ ಅದು ಕಳೆದ ದಿನಗಳ ಕಥೆ ಹೇಳುತ್ತಿದೆ, ಬರುವ ದಿನಗಳದ್ದಲ್ಲ. 1792ರಿಂದ ಬರುತ್ತಿರುವ ಅಲ್ಲಿನ ಒಂದು ವಾರ್ಷಿಕ ಪುಸ್ತಕ ತನ್ನ ಭವಿಷ್ಯ ಶೇ 80ರಷ್ಟು ಸರಿ ಎಂದು ಹೇಳಿಕೊಳ್ಳುತ್ತದೆ. ಹೊರಗಿನವರು ಲೆಕ್ಕ ಹಾಕಿದಾಗ ನಾಣ್ಯ ಚಿಮ್ಮಿದಷ್ಟೇ ಬಂತು. ವ್ಯತ್ಯಾಸ ಅಲ್ಲೇ ಇದೆ. ನಮ್ಮ ತಪ್ಪಿನ ಲೆಕ್ಕವನ್ನು ನಾವೇ ಇಡುತ್ತೇವೆ, ತೋರಿಸುತ್ತೇವೆ.

ಆದರೆ ನಮ್ಮ ಕಡೆಯ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಭೂಮಿ ಬಿಸಿಯಾಗುತ್ತಿದೆ. ಹಾಗಾಗಿ 30 ವರ್ಷದ ಹಳೆಯ ಅಳತೆಗೋಲಿಗೆ ಹೋಲಿಸಿದರೆ ಬಹಳ ಕಡೆ ಈಗಿನ ಚಳಿಗಾಲಗಳು ಬೆಚ್ಚಗಿನ ಡಬ್ಬಿಗೇ ಹೆಚ್ಚಾಗಿ ಬೀಳುತ್ತವೆ. ಕಣ್ಣು ಮುಚ್ಚಿ ಪ್ರತಿ ವರ್ಷ "ಬೆಚ್ಚಗೆ" ಎಂದರೂ ಅಂಕ ಸಿಗುತ್ತದೆ. ಯಾರಾದರೂ ತಮ್ಮ ಋತು ಮುನ್ಸೂಚನೆಯ ಅಂಕಪಟ್ಟಿ ತೋರಿಸಿದರೆ, ಆ ಪುಕ್ಕಟೆ ಅಂಕ ಕಳೆದು ಎಷ್ಟು ಉಳಿಯಿತು ಎಂದು ಕೇಳಿ.

ಪ್ರಶ್ನೆ (ಮೊದಲು ಕೇಳಿದವರು): ಸರಿ, ಕೋಟು ಹೋಯಿತು. ಈಗ ಜನವರಿಯಲ್ಲಿ ಹಿಮ ನೋಡಲು ಹೋಗುವ ಯೋಚನೆ ಇದೆ. ಟಿಕೆಟ್ ಈಗಲೇ ತೆಗೆಯಬೇಕು. ನಿಮ್ಮ ಶೇ 42 ನನಗೆ ಯಾವ ಕೆಲಸಕ್ಕೆ ಬರುತ್ತದೆ?

ಉತ್ತರ: ನಿಮಗೆ ಬಹಳ ಕಡಿಮೆ, ನಿಜ ಹೇಳಬೇಕೆಂದರೆ. ಒಂದೇ ಸಲ ಆಡುವವನಿಗೆ ಸವೆದ ದಾಳದಿಂದ ಹೆಚ್ಚು ಲಾಭವಿಲ್ಲ. ಪ್ರತಿ ವರ್ಷ ಆಡುವವನಿಗೆ ಇದೆ. ವಿದ್ಯುತ್ ಕಂಪನಿ, ಮನೆ ಬಿಸಿ ಮಾಡುವ ಇಂಧನ ಕೊಂಡಿಡುವವರು, ರಸ್ತೆಯ ಹಿಮಕ್ಕೆ ಉಪ್ಪು ಕೊಂಡಿಡುವವರು, ಅಣೆಕಟ್ಟು ನೋಡಿಕೊಳ್ಳುವವರು ಇಪ್ಪತ್ತು ವರ್ಷ ಈ ಶೇಕಡಾವಾರು ನೋಡಿ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಮಾಡುತ್ತಾ ಹೋದರೆ ಕೊನೆಗೆ ಕೈಯಲ್ಲಿ ಏನೋ ಉಳಿಯುತ್ತದೆ. ನಾನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶೇ 45 ನೋಡಿ ಉತ್ಸಾಹದಲ್ಲಿ ಗೆಳೆಯನೊಬ್ಬನಿಗೆ "ಹೋಗು, ಹಿಮ ಸಿಗುತ್ತೆ" ಎಂದಿದ್ದೆ. ಅವನು ಒಂದು ವಾರ ಕೆಸರು ನೋಡಿಕೊಂಡು ಬಂದ. ಆಮೇಲೆ ಯಾರಿಗೂ ಶೇಕಡಾವಾರು ಬಿಟ್ಟು ಹೇಳಿಲ್ಲ.

ನೀವು ಋತು ಮುನ್ಸೂಚನೆ ನೋಡಿ ಜಾಗ ಆರಿಸಬೇಡಿ, ಎತ್ತರ ನೋಡಿ ಆರಿಸಿ. ಹಿಂದಿನ 30 ಜನವರಿಗಳಲ್ಲಿ 25ರಲ್ಲಿ ಹಿಮವಿದ್ದ ಜಾಗಕ್ಕೆ ಹೋದರೆ, ಯಾವ ಋತು ಮಾಡೆಲ್ಲಿಗೂ ಇಲ್ಲದಷ್ಟು ಬಲ ನಿಮ್ಮ ಕೈಯಲ್ಲಿದೆ. ತಾರೀಖು ಬದಲಿಸಬಹುದಾದ ಟಿಕೆಟ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತೆಗೆಯಿರಿ. ಹೊರಡುವ ಹತ್ತು ದಿನ ಮುಂಚೆ ಒಮ್ಮೆ ಗಾಳಿಯ ಒಲವು ನೋಡಿ, ಐದು ದಿನ ಮುಂಚೆ ಗಟ್ಟಿ ಮಾಡಿಕೊಳ್ಳಿ. ಈಗಿನ ಐದು ದಿನದ ಮುನ್ಸೂಚನೆ ಇಪ್ಪತ್ತು ವರ್ಷದ ಹಿಂದಿನ ಮೂರು ದಿನದ್ದಷ್ಟು ಚೆನ್ನಾಗಿದೆ. ಅದನ್ನು ಧಾರಾಳವಾಗಿ ನಂಬಿ.

ಕೋಟನ್ನೂ ಜೊತೆಗೆ ಒಯ್ಯಿರಿ.

ಪ್ರಶ್ನೆ: ಆಯ್ತು. ಆದರೂ ಕೇಳಿಬಿಡುತ್ತೇನೆ, ಈ ಸಲದ ಚಳಿ ಹೇಗೆ?

ಉತ್ತರ: ಯುರೋಪಿನ ದೇಶಗಳ ಜಂಟಿ ಹವಾಮಾನ ಮುನ್ಸೂಚನಾ ಕೇಂದ್ರದವರು ಒಂದೇ ಮಾಡೆಲನ್ನು ಚೂರು ಚೂರು ಬದಲಿಸಿ 51 ಸಲ ಓಡಿಸಿ, ಮುಂದಿನ ಏಳು ತಿಂಗಳ ಫಲಿತಾಂಶವನ್ನು ಪ್ರತಿ ತಿಂಗಳು 5ನೇ ತಾರೀಖು ಹೊರಗೆ ಬಿಡುತ್ತಾರೆ. ಅವತ್ತು ಸಂಜೆ ಇಲ್ಲೇ ಹಾಕುತ್ತೇನೆ. ಮೂರೂ ಡಬ್ಬಿಗಳ ಅಂಕಿ ಸಮೇತ.