ಯಜಮಾನರು ಕೆನಡಾಗೆ ಬಂದು ಹೋಗಲು ಏನು ಮಾಡಬೇಕು? – ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಒಂಟಾರಿಯೊದ ಕಿಚನರ್‌ನಲ್ಲಿ ಎರಡು ವರ್ಷದ ಕಾಲೇಜ್ ಡಿಪ್ಲೊಮಾ ಓದುತ್ತಿದ್ದೇನೆ. ಯಜಮಾನರು ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯ ಉದ್ಯೋಗಿ. ಅವರು ಹಾಕಿದ್ದ ಓಪನ್ ವರ್ಕ್ ಪರ್ಮಿಟ್ (ಇಲ್ಲಿ ಯಾವ ಕಂಪನಿಯಲ್ಲಾದರೂ ಕೆಲಸ ಮಾಡುವ ಅನುಮತಿ) ಅರ್ಜಿ ತಿರಸ್ಕೃತವಾಯಿತು. ಡಿಸೆಂಬರ್‌ನಲ್ಲಿ ಒಂದು ತಿಂಗಳ ಮಟ್ಟಿಗಾದರೂ ಬಂದು ಹೋಗಲಿ ಅಂತ ವಿಸಿಟರ್ ವೀಸಾ ಹಾಕುವ ಯೋಚನೆ. ‘ಹೆಂಡತಿ ಅಲ್ಲಿದ್ದಾಳೆ ಅಂತ ಬರೆದರೆ ವೀಸಾ ಕೊಡಲ್ಲ, ಟೂರಿಸ್ಟ್ ಅಂತ ಹಾಕೋಣ, ಹಳೇ ರಿಜೆಕ್ಷನ್ ಸುದ್ದಿಯೇ ಬೇಡ’ ಎನ್ನುತ್ತಾರೆ ಊರಿನ ಏಜೆಂಟ್. ನಾನಿರುವುದು ಮಾಲೀಕರ ಮನೆಯ ಬೇಸ್‌ಮೆಂಟಿನಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ. ದಾರಿ ತೋರಿಸಿ.

*

ಏಜೆಂಟ್ ಹೇಳಿದ ಎರಡೂ ಮಾತು ತಪ್ಪು, ಎರಡನೆಯದಂತೂ ಅಪಾಯಕಾರಿ. ‘ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ವೀಸಾ, ಪರ್ಮಿಟ್ ನಿರಾಕರಿಸಿದೆಯೇ’ ಎಂದು ಅರ್ಜಿಯಲ್ಲಿ ನೇರವಾಗಿಯೇ ಕೇಳುತ್ತಾರೆ. ಕಳೆದ ಸಲ ನಿರಾಕರಿಸಿದವರು ಕೆನಡಾದ ವಲಸೆ ಇಲಾಖೆಯವರೇ, ಆ ಫೈಲು ಅವರ ಬಳಿಯೇ ಇದೆ. ಅಲ್ಲಿ ‘ಇಲ್ಲ’ ಎಂದು ಟಿಕ್ ಹಾಕಿದರೆ ಸುಳ್ಳು ಮಾಹಿತಿ ಕೊಟ್ಟಂತಾಗುತ್ತದೆ. ವಲಸೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಅದಕ್ಕೆ ಐದು ವರ್ಷದ ನಿಷೇಧ. ಹೆಂಡತಿಯ ವಿಷಯವನ್ನೂ ಮುಚ್ಚಿಡಲು ಆಗುವುದಿಲ್ಲ. ಕುಟುಂಬ ವಿವರದ ಫಾರಂ ಐಎಂಎಂ 5645ರಲ್ಲಿ ಪತ್ನಿಯ ಈಗಿನ ವಿಳಾಸ, ಉದ್ಯೋಗ ಬರೆಯಲೇಬೇಕು. ವರ್ಕ್ ಪರ್ಮಿಟ್ ಅರ್ಜಿ ಹಾಕಿದ್ದೇ ನಿಮ್ಮ ಗಂಡ ಎಂಬ ಆಧಾರದ ಮೇಲೆ. ಈಗ ಅವರೇ ನಯಾಗರಾ ನೋಡೋಕೆ ಬರ್ತೀನಿ ಅಂದರೆ ಯಾರು ನಂಬುತ್ತಾರೆ?

ಹಳೇ ನಿರಾಕರಣೆಗೆ ಅಷ್ಟೊಂದು ಹೆದರಬೇಕಾಗಿಲ್ಲ. 2025ರ ಜನವರಿ 21ರಿಂದ ವಿದ್ಯಾರ್ಥಿಗಳ ಪತಿ ಅಥವಾ ಪತ್ನಿಗೆ ಓಪನ್ ವರ್ಕ್ ಪರ್ಮಿಟ್ ಸಿಗುವುದು, ಓದುತ್ತಿರುವುದು ಕನಿಷ್ಠ 16 ತಿಂಗಳ ಮಾಸ್ಟರ್ಸ್, ಪಿಎಚ್‌ಡಿ ಅಥವಾ ಪಟ್ಟಿಯಲ್ಲಿರುವ ಕೆಲವು ವೃತ್ತಿಪರ ಪದವಿಗಳಾಗಿದ್ದರೆ ಮಾತ್ರ. ಸಾಮಾನ್ಯ ಕಾಲೇಜ್ ಡಿಪ್ಲೊಮಾ ಅದರಲ್ಲಿ ಬರುವುದಿಲ್ಲ. ತಿರಸ್ಕಾರಕ್ಕೆ ಇಷ್ಟೇ ಕಾರಣವಾಗಿದ್ದರೆ ವಿಸಿಟರ್ ಅರ್ಜಿಗೆ ಅದು ಕಪ್ಪುಚುಕ್ಕೆಯಲ್ಲ. ಆದರೂ ಆ ಪತ್ರವನ್ನು ಮತ್ತೊಮ್ಮೆ ಓದಿ. ‘ಅವಧಿ ಮುಗಿದ ಮೇಲೆ ಕೆನಡಾ ಬಿಡುತ್ತಾರೆ ಎಂದು ಮನವರಿಕೆಯಾಗಿಲ್ಲ’ ಎಂಬ ಸಾಲೂ ಇದ್ದರೆ, ಅಧಿಕಾರಿ ಬರೆದುಕೊಂಡ ಟಿಪ್ಪಣಿಯನ್ನು ತರಿಸಿಕೊಂಡು ನೋಡಿಯೇ ಮುಂದುವರಿಯಿರಿ. ಇದಕ್ಕೆ ಅಲ್ಲಿನ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬೇಕು, ಶುಲ್ಕ 5 ಡಾಲರ್. ಕೆನಡಾದಲ್ಲಿ ಇರುವವರು ಹಾಕಬಹುದಾದ್ದರಿಂದ ನೀವೇ ಹಾಕಿ, ಯಜಮಾನರ ಸಹಿ ಇರುವ ಒಪ್ಪಿಗೆ ಫಾರಂ ಐಎಂಎಂ 5744 ಲಗತ್ತಿಸಿ.

ವಿಸಿಟರ್ ವೀಸಾ ನೋಡುವ ಅಧಿಕಾರಿಯ ತಲೆಯಲ್ಲಿರುವ ಪ್ರಶ್ನೆ ಒಂದೇ: ಈ ಮನುಷ್ಯ ವಾಪಸ್ ಹೋಗುತ್ತಾನಾ? ಹೆಂಡತಿ ಕೆನಡಾದಲ್ಲಿರುವುದು ಬರಲಿಕ್ಕೂ ಕಾರಣ, ಬಂದು ಉಳಿದುಬಿಡಲಿಕ್ಕೂ ಕಾರಣ. ಹಾಗಾಗಿ ಇಡೀ ಫೈಲು ಆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಬಹಳ ಜನ ಎಡವುವುದು ಇಲ್ಲೇ. ಮೂರು ಪುಟ ಪ್ರೀತಿಯ ಬಗ್ಗೆ ಬರೆದು, ಕೆಲಸಕ್ಕೆ ಮರಳುವ ತಾರೀಖನ್ನೇ ಬಿಟ್ಟಿರುತ್ತಾರೆ.

ಯಜಮಾನರ ವಿವರಣಾ ಪತ್ರ ಒಂದೂವರೆ ಪುಟ ದಾಟದಿರಲಿ. ಮೊದಲ ಪ್ಯಾರಾದಲ್ಲಿ ಯಾರು, ಏಕೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದಿರಲಿ. ಎರಡನೆಯದರಲ್ಲಿ ಹಳೇ ನಿರಾಕರಣೆ: ಅರ್ಜಿ ಸಂಖ್ಯೆ, ದಿನಾಂಕ, ಕಾರಣ, ಈಗ ಕೇಳುತ್ತಿರುವುದು ಕೆಲಸದ ಪರ್ಮಿಟ್ ಅಲ್ಲ ಎಂಬ ಸ್ಪಷ್ಟನೆ. ಆಮೇಲೆ ಹುಬ್ಬಳ್ಳಿಯ ಕೆಲಸ, ಮಂಜೂರಾದ ರಜೆ, ಮನೆಯಲ್ಲಿ ಅವರನ್ನೇ ನಂಬಿಕೊಂಡವರು. ಕೊನೆಯಲ್ಲಿ ಖರ್ಚು ಯಾರದು, ಎಷ್ಟು. ‘ಮುಂದೆಂದೂ ಕೆನಡಾದಲ್ಲಿ ನೆಲೆಸುವುದಿಲ್ಲ’ ಎಂದು ಆಣೆ ಪ್ರಮಾಣ ಬೇಡ. ಮುಂದೊಂದು ದಿನ ಕಾಯಂ ಆಗಿ ಬರುವ ಆಸೆ ಇದ್ದ ಮಾತ್ರಕ್ಕೆ ತಾತ್ಕಾಲಿಕ ವೀಸಾ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 22(2) ಹೇಳುತ್ತದೆ. ಈ ಸಲ ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಾರೆ ಎಂಬುದು ಕಾಣಬೇಕು, ಅಷ್ಟೇ.

ರಜೆ ನಾಲ್ಕು ವಾರ ಸಿಕ್ಕಿ, ಅರ್ಜಿಯಲ್ಲಿ ಆರು ತಿಂಗಳು ಎಂದು ಬರೆಯುವವರಿದ್ದಾರೆ. ಆ ಒಂದು ಸಾಲಿಗೇ ಫೈಲು ವಾಪಸ್ ಬರುತ್ತದೆ. ಸಿಗುವುದಾದರೆ ವೀಸಾ ಹಲವು ಬಾರಿಯ ಪ್ರವೇಶಕ್ಕೂ ಸಿಗಬಹುದು, ಗಡಿಯಲ್ಲಿ ಸಾಮಾನ್ಯವಾಗಿ ಆರು ತಿಂಗಳ ಅವಕಾಶವನ್ನೂ ಕೊಡುತ್ತಾರೆ. ಆದರೆ ನೀವು ಕೇಳಬೇಕಾದ್ದು ನಿಮಗೆ ಬೇಕಾದಷ್ಟನ್ನೇ.

ಶುಲ್ಕ 100 ಕೆನಡಾ ಡಾಲರ್. ಬೆರಳಚ್ಚು ಮತ್ತು ಫೋಟೊಗೆ ಇನ್ನೂ 85 ಡಾಲರ್ ಇದೆ, ಆದರೆ ವರ್ಕ್ ಪರ್ಮಿಟ್ ಅರ್ಜಿಗಾಗಿ ಅವರು ಬಯೊಮೆಟ್ರಿಕ್ಸ್ ಕೊಟ್ಟಿದ್ದರೆ ಅದು ಹತ್ತು ವರ್ಷ ನಡೆಯುತ್ತದೆ, ಮತ್ತೆ ಕಟ್ಟಬೇಡಿ. ಕೊಟ್ಟಿಲ್ಲವಾದರೆ, ಸೂಚನಾ ಪತ್ರ ಬಂದ 30 ದಿನದೊಳಗೆ ಬೆಂಗಳೂರಿನ ವಿಎಫ್‌ಎಸ್ (ವೀಸಾ ಅರ್ಜಿ) ಕೇಂದ್ರಕ್ಕೆ ಹೋಗಿ ಬರಬೇಕು. ಆನ್‌ಲೈನ್‌ನಲ್ಲಿ ಒಂದೊಂದು ಕಡತಕ್ಕೆ 4 ಎಂಬಿ ಮಿತಿ ಇರುತ್ತದೆ. ಬ್ಯಾಂಕ್ ಪುಟಗಳನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ಕುಗ್ಗಿಸಿದರೆ ಅಂಕಿಗಳೇ ಕಾಣುವುದಿಲ್ಲ. ಬ್ಯಾಂಕಿನಿಂದ ನೇರವಾಗಿ ಪಿಡಿಎಫ್ ಇಳಿಸಿಕೊಳ್ಳಿ. ಪ್ರತ್ಯೇಕ ಜಾಗ ತೋರಿಸದ ದಾಖಲೆಗಳನ್ನೆಲ್ಲ ವಿವರಣಾ ಪತ್ರದ ಹಿಂದೆ ಜೋಡಿಸಿ ಒಂದೇ ಕಡತವಾಗಿ ‘ಕ್ಲೈಂಟ್ ಇನ್ಫರ್ಮೇಶನ್’ ಎಂಬಲ್ಲಿ ಹಾಕಿ.

ಇನ್ನು ಏಜೆಂಟ್. ಹಣ ಪಡೆದು ಕೆನಡಾ ಅರ್ಜಿಯಲ್ಲಿ ಪ್ರತಿನಿಧಿಯಾಗಲು ಅಲ್ಲಿನ ವಕೀಲರ ಸಂಘದ ಸದಸ್ಯರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮತ್ತು ವಲಸೆ ಸಲಹೆಗಾರರ ಕಾಲೇಜಿನ (ಇದು ಓದುವ ಕಾಲೇಜಲ್ಲ, ಸಲಹೆಗಾರರ ನಿಯಂತ್ರಣ ಸಂಸ್ಥೆ) ಸದಸ್ಯರಿಗೆ ಮಾತ್ರ ಅಧಿಕಾರವಿದೆ. ಕಾಲೇಜಿನ ಸದಸ್ಯರ ಹೆಸರು ಆನ್‌ಲೈನ್ ಪಟ್ಟಿಯಲ್ಲಿ ಸಿಗುತ್ತದೆ. ಪ್ರತಿನಿಧಿಯ ಹೆಸರು ತಿಳಿಸುವ ಐಎಂಎಂ 5476 ಫಾರಂನಲ್ಲಿ ತನ್ನ ಹೆಸರು ಹಾಕಲು ಒಪ್ಪದ ಏಜೆಂಟ್‌ಗೆ ಅರ್ಜಿ ಖಾತೆಯ ಪಾಸ್‌ವರ್ಡ್ ಕೊಡಬೇಡಿ. ಅವರು ಏನು ಟಿಕ್ ಹಾಕಿದರೂ ಸಹಿ ಮಾಡಿದವರು ನಿಮ್ಮ ಯಜಮಾನರು.

– ವಲಸೆ ಸಲಹೆಗಾರರು, ಬ್ರಾಂಪ್ಟನ್

*

ತಂಗೀ, ಫಾರಂ ವಿಚಾರ ತಿಳಿದವರು ಬರೀತಾರ. ನಾ ಹುಬ್ಬಳ್ಳಿ ಕಡೆಯ ಕಾಗದಪತ್ರದ ಬಗ್ಗೆ ಅಷ್ಟೇ ಹೇಳತೇನಿ ನೋಡ್ರಿ.

ಕಲ್ಯಾಣ ಮಂಟಪದ ರಸೀದಿ, ಮಠ ಅಥವಾ ದೇವಸ್ಥಾನ ಕೊಟ್ಟ ಪತ್ರ ಸಾಲೂದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ ಬೇಕು. ಕನ್ನಡದಾಗ ಇದ್ದರ ಇಂಗ್ಲಿಷ್ ಅನುವಾದ, ಅನುವಾದ ಮಾಡಿದವರ ಅಫಿಡವಿಟ್, ಮೂಲ ಪತ್ರದ ದೃಢೀಕೃತ ನಕಲು, ಈ ಮೂರೂ ಕೂಡಿರಬೇಕು. ಮನೆಯವರು ಯಾರಾದ್ರೂ ಎಷ್ಟೇ ಓದಿರಲಿ, ಅವರ ಅನುವಾದ ನಡೆಯೂದಿಲ್ಲ.

ನಮ್ಮ ಕಡೆ ದೊಡ್ಡ ತೊಂದ್ರಿ ಅಂದ್ರ ಹೆಸರು. ನೋಂದಣಿ ಪತ್ರದಾಗ ಹೆಸರಿನ ಮುಂದ ‘ಸಿ.’ ಅಂತ ಇನಿಶಿಯಲ್, ಪಾಸ್‌ಪೋರ್ಟಿನಾಗ ‘ಚನ್ನಬಸಪ್ಪ’ ಅಂತ ಪೂರ್ತಿ, ಪ್ಯಾನ್ ಕಾರ್ಡಿನಾಗ ಅಡ್ಡಹೆಸರು ಮೊದಲು, ಬ್ಯಾಂಕ್ ಪಾಸ್‌ಬುಕ್ಕಿನಾಗ ಮತ್ತೊಂದು. ಹೊರದೇಶದ ಅಧಿಕಾರಿಗೆ ಇವು ನಾಲ್ಕು ಮಂದಿ. ಎಲ್ಲಾ ರೂಪ ಬರೆದು ‘ಇವೆಲ್ಲ ಒಬ್ಬನೇ ವ್ಯಕ್ತಿಯ ಹೆಸರು’ ಅಂತ ಸ್ಟ್ಯಾಂಪ್ ಪೇಪರ್ ಮ್ಯಾಲೆ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸ್ರಿ. ಯಜಮಾನರ ಪಾಸ್‌ಪೋರ್ಟಿನಾಗ ಹೆಂಡತಿ ಅಂತ ನಿಮ್ಮ ಹೆಸರು ಇಲ್ಲ ಅನ್ನೂದೊಂದಕ್ಕ ಹೊಸದು ಮಾಡಿಸೂ ಗಡಿಬಿಡಿ ಬ್ಯಾಡ. ಆದ್ರ ಅದರ ಅವಧಿ ಮುಗಿಯಾಕ ಬಂದಿದ್ರ ಮೊದಲು ನವೀಕರಿಸ್ರಿ, ಪಾಸ್‌ಪೋರ್ಟ್ ಅವಧಿ ದಾಟಿ ವೀಸಾ ಕೊಡೂದಿಲ್ಲ.

ಕಂಪನಿ ಪತ್ರ ಲೆಟರ್‌ಹೆಡ್ಡಿನ ಮ್ಯಾಲೆ ಇರಬೇಕು: ಸೇರಿದ ದಿನಾಂಕ, ಹುದ್ದೆ, ಪಗಾರ, ರಜಾ ಯಾವತ್ತಿಂದ ಯಾವತ್ತಿನತನಕ, ಮತ್ತ ಕೆಲಸಕ್ಕ ಹಾಜರಾಗೂ ದಿನಾಂಕ. ‘ರಜೆಗೆ ನಮ್ಮ ಅಭ್ಯಂತರವಿಲ್ಲ’ ಅನ್ನೂ ಒಂದು ಸಾಲಿನ ಪತ್ರದಿಂದ ಏನೂ ಗೊತ್ತಾಗೂದಿಲ್ಲ. ಸಹಿ ಮಾಡಿದವರ ಫೋನು, ಕಂಪನಿಯ ಇಮೇಲ್ ಇರಲಿ. ಜೊತಿಗೆ ಪಗಾರ ಚೀಟಿ, ಫಾರಂ 16, ಎರಡು ಮೂರು ವರ್ಷದ ಐಟಿ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ವಿಸಿಟರ್‌ಗೆ ಇಷ್ಟೇ ರೊಕ್ಕ ಇರಬೇಕಂತ ನಿಗದಿ ಮಾಡಿಲ್ಲ. ಆದ್ರ ಅರ್ಜಿ ಹಾಕೂ ಮುಂಚಿನ ವಾರ ಮಾವನ ಖಾತೆಯಿಂದ ನಾಲ್ಕು ಲಕ್ಷ ಬಂದು ಕುಂತ್ರ ಅದು ಕಣ್ಣಿಗೆ ಹೊಡೀತದ. ಬಂದಿದ್ರ, ಎಲ್ಲಿಂದ ಬಂತು ಅನ್ನೂ ಪತ್ರ ಇಡ್ರಿ.

ಹೊಲದ ಪಹಣಿ ಅಪ್ಪನ ಹೆಸರಿನಾಗ ಇದ್ರ ಅದನ್ನ ‘ನನ್ನ ಆಸ್ತಿ’ ಅಂತ ತೋರಿಸಬ್ಯಾಡ್ರಿ. ನಾಡಕಚೇರಿಯಿಂದ ವಂಶವೃಕ್ಷ ತಗಸಿ, ಎರಡನ್ನೂ ಅನುವಾದ ಮಾಡಿಸಿ, ಮನೆತನದ ಆಸ್ತಿ ಅಂತನ ಬರೀರಿ.

– ದಸ್ತಾವೇಜು ಬರಹಗಾರರು, ಹುಬ್ಬಳ್ಳಿ

*

ಡಿಸೆಂಬರ್ ಎಂದಿರಿ, ಡಿಸೆಂಬರ್‌ನ ಯಾವ ದಿನ? ಒಂಟಾರಿಯೊದಲ್ಲಿ ಫಾಲ್ ಟರ್ಮ್‌ನ ಪರೀಕ್ಷೆ, ಪ್ರಾಜೆಕ್ಟ್‌ಗಳೆಲ್ಲ ಡಿಸೆಂಬರ್ ಮಧ್ಯದವರೆಗೂ ಎಳೆಯುತ್ತವೆ, ಜನವರಿ ಮೊದಲ ವಾರದಲ್ಲಿ ಮತ್ತೆ ಕ್ಲಾಸ್ ಶುರು. ಡಿಸೆಂಬರ್ 1ಕ್ಕೆ ಬಂದಿಳಿದರೆ ಅವರು ಬೇಸ್‌ಮೆಂಟಿನ ಕಿಟಕಿಯಿಂದ ಹಿಮ ನೋಡುತ್ತಾ ಕೂರಬೇಕು, ನೀವು ಲೈಬ್ರರಿಯಲ್ಲಿ. ಕಾಲೇಜಿನ ಕ್ಯಾಲೆಂಡರ್ ನೋಡಿ, ಕೊನೆಯ ಪರೀಕ್ಷೆಯ ಮರುದಿನಕ್ಕೆ ಟಿಕೆಟ್ ಮಾಡಿಸಿ. ನಿಮ್ಮ ಕೋರ್ಸಿಗೆ ಬೇಸಿಗೆ ರಜೆ ಇದೆಯೆಂದಾದರೆ ಮೇ ತಿಂಗಳೇ ಒಳ್ಳೆಯದು. ಆಗ ವಾಟರ್ಲೂ, ಕಿಚನರ್ ಕಡೆ ಕೋ-ಆಪ್ (ಕೋರ್ಸಿನ ಭಾಗವಾದ) ಕೆಲಸಕ್ಕೆ ಬೇರೆ ಊರಿಗೆ ಹೋದ ವಿದ್ಯಾರ್ಥಿಗಳ ರೂಮುಗಳು ಸಬ್‌ಲೆಟ್‌ಗೆ ಧಾರಾಳವಾಗಿ ಸಿಗುತ್ತವೆ.

ಮನೆ ವಿಷಯದಲ್ಲಿ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಅಡುಗೆಮನೆ ಅಥವಾ ಬಚ್ಚಲುಮನೆಯನ್ನು ಮಾಲೀಕರ ಜೊತೆ ಹಂಚಿಕೊಂಡಿದ್ದೀರಾ? ಹೌದಾದರೆ ಒಂಟಾರಿಯೊದ ಬಾಡಿಗೆದಾರರ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ, ಅವರು ‘ಬೇಡ’ ಎಂದರೆ ಬೇಡವೇ. ಬೇಸ್‌ಮೆಂಟಿಗೆ ಪ್ರತ್ಯೇಕ ಅಡುಗೆಮನೆ, ಬಚ್ಚಲು ಇದ್ದು ಅವು ನಿಮ್ಮ ಮೂವರದ್ದೇ ಆಗಿದ್ದರೆ, ನೆಂಟರು ಬರಬಾರದು ಎಂದು ಮಾಲೀಕರು ತಡೆಯುವಂತಿಲ್ಲ. ಆದರೆ ಕಾನೂನು ಏನೇ ಹೇಳಲಿ, ಒಂದೇ ಬಚ್ಚಲಿರುವ ಕಡೆ ಇಬ್ಬರು ಹುಡುಗಿಯರ ನಡುವೆ ಒಂದು ತಿಂಗಳು ಗಂಡಸನ್ನು ಇರಿಸುವುದು ಅವರಿಗೆ ಮುಜುಗರ. ಮೊದಲೇ ಕೇಳಿ, ಒಪ್ಪಿದರೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ರಜೆಗೆ ಊರಿಗೆ ಹೋಗುವವರ ರೂಮನ್ನು ಆ ಕೆಲವು ವಾರಕ್ಕೆ ಹಿಡಿಯಿರಿ. ಆಹ್ವಾನ ಪತ್ರದಲ್ಲಿ ಆ ವಿಳಾಸವನ್ನೇ ಹಾಕಿ. ಆ ಪತ್ರದಲ್ಲಿ ಇಬ್ಬರ ಪೂರ್ಣ ಹೆಸರು, ಜನ್ಮ ದಿನಾಂಕ, ವಿಳಾಸ, ಫೋನ್, ಸಂಬಂಧ, ಬರುವ ಹೋಗುವ ದಿನ ಇರಬೇಕು. ನಿಮ್ಮ ಸ್ಟಡಿ ಪರ್ಮಿಟ್ ನಕಲು, ಕಾಲೇಜಿನ ದಾಖಲಾತಿ ಪತ್ರ ಜೊತೆಗಿರಲಿ.

ಬಂದ ಮೇಲೆ ಕೆಲಸದ ಮಾತೇ ಬೇಡ. ನಿಮ್ಮ ಹೆಸರಿನ ಡೆಲಿವರಿ ಆ್ಯಪ್‌ನಲ್ಲಿ ಅವರು ಓಡಾಡುವುದು, ಅಂಗಡಿಯಲ್ಲಿ ಕ್ಯಾಶ್‌ಗೆ ನಿಲ್ಲುವುದು, ಎರಡೂ ಅನಧಿಕೃತ ಕೆಲಸವೇ. ಹುಬ್ಬಳ್ಳಿ ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡಿ ಅಲ್ಲಿಂದಲೇ ಸಂಬಳ ಪಡೆಯಲು ವಿಸಿಟರ್‌ಗೆ ಅಡ್ಡಿಯಿಲ್ಲ. ಆದರೆ ರಜಾಪತ್ರ ಕೊಟ್ಟು ಗಡಿಯಲ್ಲಿ ‘ಇಲ್ಲಿಂದಲೇ ಕೆಲಸ ಮಾಡ್ತೀನಿ’ ಎಂದರೆ ಎರಡಕ್ಕೂ ತಾಳೆಯಾಗುವುದಿಲ್ಲ. ಚಳಿಗಾಲದಲ್ಲಿ ಅಂತರ ಹತ್ತೂವರೆ ಗಂಟೆ, ಅಲ್ಲಿನ ಬೆಳಗಿನ ಒಂಬತ್ತೂವರೆಯ ಮೀಟಿಂಗ್ ಇಲ್ಲಿ ಹಿಂದಿನ ರಾತ್ರಿ ಹನ್ನೊಂದಕ್ಕೆ. ರಜೆ ಹಾಕಿ ಬರುವುದೇ ವಾಸಿ. ನೀವೂ ಲೆಕ್ಕ ತಪ್ಪಬೇಡಿ: ಟರ್ಮ್ ನಡೆಯುವಾಗ ಕ್ಯಾಂಪಸ್ ಹೊರಗೆ ಕೆಲಸ ವಾರಕ್ಕೆ 24 ಗಂಟೆ ಮಾತ್ರ.

ಆರೋಗ್ಯ ವಿಮೆಯನ್ನು ವೀಸಾ ಕೈಗೆ ಬಂದ ಮೇಲೆ, ಆದರೆ ವಿಮಾನ ಹತ್ತುವ ಮೊದಲು ಕೊಳ್ಳಿ. ಒಂಟಾರಿಯೊದ ಸರ್ಕಾರಿ ವಿಮೆ ವಿಸಿಟರ್‌ಗೆ ಇಲ್ಲ. ಇಳಿದ ಮೇಲೆ ಕೊಂಡರೆ ಮೊದಲ ಕೆಲವು ದಿನ ಕಾಯಿಲೆಗೆ ರಕ್ಷಣೆ ಇಲ್ಲದ ಪಾಲಿಸಿಗಳೇ ಹೆಚ್ಚು. ಬಿಪಿ, ಶುಗರ್ ಇದ್ದರೆ ‘ಸ್ಥಿರ ಅವಧಿ’ಯ (ವಿಮೆ ಶುರುವಾಗುವ ಮುಂಚೆ ಕಾಯಿಲೆ, ಔಷಧಿ ಬದಲಾಗದೆ ಇರಬೇಕಾದ ಅವಧಿ) ಷರತ್ತು ಓದಿ. ಆ ಅವಧಿಯಲ್ಲಿ ಮಾತ್ರೆಯ ಪ್ರಮಾಣ ಬದಲಾದರೆ, ಕಡಿಮೆ ಮಾಡಿದ್ದರೂ ಕೂಡ, ಕ್ಲೇಮ್ ನಿರಾಕರಿಸಲು ಅದೇ ನೆಪವಾಗಬಹುದು.

ಅಮೆರಿಕದ ಮೇಲೆ ಹಾದು ಬರುವ ಅಗ್ಗದ ಟಿಕೆಟ್ ಬೇಡ, ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಆಹ್ವಾನ ಪತ್ರ, ರಜಾಪತ್ರ, ವಾಪಸ್ ಟಿಕೆಟ್ ಕೈಚೀಲದಲ್ಲೇ ಇರಲಿ. ಮಾತ್ರೆಗಳು ಮೂಲ ಪ್ಯಾಕಿನಲ್ಲಿ, ಚೀಟಿಯ ಸಮೇತ, 90 ದಿನಕ್ಕೆ ಮೀರದಂತೆ. ಚಟ್ನಿಪುಡಿ, ಪೇಡಾ, ಉಪ್ಪಿನಕಾಯಿ ತಂದರೆ ಡಿಕ್ಲೇರ್ ಮಾಡಲಿ, ಬಚ್ಚಿಟ್ಟರೆ ದಂಡ. ಮಾಂಸ, ಸಸಿ, ಹಸಿ ಕರಿಬೇವು ಬೇಡವೇ ಬೇಡ.

– ಕಾಲೇಜೊಂದರ ವಿದ್ಯಾರ್ಥಿ ಸೇವಾ ವಿಭಾಗದವರು, ವಾಟರ್ಲೂ

*

ಎಲ್ಲರೂ ಅವರನ್ನು ಕರೆಸುವ ಬಗ್ಗೆಯೇ ಬರೆದಿರುತ್ತಾರೆ. ನಿರಾಕರಣೆ ಬಂದರೆ? ವಿಸಿಟರ್ ವೀಸಾಕ್ಕೆ ಮೇಲ್ಮನವಿ ಇಲ್ಲ. 60 ದಿನದೊಳಗೆ ಫೆಡರಲ್ ಕೋರ್ಟಿಗೆ ಹೋಗಬಹುದು, ಆದರೆ ಒಂದು ತಿಂಗಳ ಭೇಟಿಗೆ ಆ ಖರ್ಚು ಅತಿಯಾಯಿತು. ಅದೇ ಕಾಗದಗಳನ್ನು ಮರುವಾರ ಮತ್ತೆ ಕಳಿಸಿದರೆ ಅದೇ ಉತ್ತರ ಬರುತ್ತದೆ. ಹೊಸದೇನಾದರೂ ತೋರಿಸಲು ಇದ್ದರೆ ಮಾತ್ರ ಮರು ಅರ್ಜಿ ಹಾಕಿ.

ಅಷ್ಟರಲ್ಲಿ ರಜೆಗೆ ನೀವೇ ಹುಬ್ಬಳ್ಳಿಗೆ ಹೋಗಿ ಬರಬಹುದಲ್ಲ. ಹೋಗುವ ಮುನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕ ನೋಡಿ. ಸ್ಟಡಿ ಪರ್ಮಿಟ್ ಇರುವುದು ಕೆನಡಾದಲ್ಲಿ ಓದುವುದಕ್ಕೆ, ಮರಳಿ ಒಳಬರಲು ಬೇಕಾದ್ದು ಆ ವೀಸಾ. ಪರ್ಮಿಟ್ ಇನ್ನೂ ಒಂದು ವರ್ಷ ಇದ್ದು ವೀಸಾ ಮುಗಿದಿದ್ದರೆ ಬೆಂಗಳೂರಿನಲ್ಲಿ ವಿಮಾನ ಹತ್ತಲು ಬಿಡುವುದಿಲ್ಲ. ಮುಗಿದಿದ್ದರೆ ಕಿಚನರ್‌ನಲ್ಲಿರುವಾಗಲೇ ಆನ್‌ಲೈನ್ ಅರ್ಜಿ ಹಾಕಿ, ಹೊಸ ವೀಸಾ ಅಂಟಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಟಿಕೆಟ್ ಕೊಳ್ಳಿ.

– ಟ್ರಾವೆಲ್ ಏಜೆನ್ಸಿ ಉದ್ಯೋಗಿ, ಬೆಂಗಳೂರು