ಪ್ರಮೇಯದ ಸಾಧನೆಯನ್ನು ಬಾಯಿಪಾಠ ಮಾಡಿಸುವುದು ಸರಿಯೇ?

ಪ್ರಶ್ನೆ (ಪ್ರೌಢಶಾಲಾ ಗಣಿತ ಶಿಕ್ಷಕಿ):
ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ‘ಪಾಸಿಂಗ್ ಪ್ಯಾಕೇಜ್’ ಎಂದು ಪ್ರಮೇಯಗಳ ಸಾಧನೆಯನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿಸುವ ರೂಢಿ ನಮ್ಮಲ್ಲಿದೆ. ಪೈಥಾಗೊರಸ್ ಪ್ರಮೇಯವನ್ನು ತಪ್ಪಿಲ್ಲದೆ ಬರೆಯುವ ಮಕ್ಕಳೇ, ಎಬಿಸಿ ತ್ರಿಭುಜದ ಬದಲು ಪಿಕ್ಯೂಆರ್ ಕೊಟ್ಟು ಲಂಬಕೋನವನ್ನು ಪಿ ಶೃಂಗದಲ್ಲಿಟ್ಟರೆ, ಮೊದಲ ಸಾಲಿನಲ್ಲೇ ತಡವರಿಸುತ್ತಾರೆ. ಕಂಠಪಾಠವನ್ನು ಪೂರ್ತಿ ಕೈಬಿಡಬೇಕೇ?

ಉತ್ತರ 1:
ಮಗ್ಗಿಯನ್ನಂತೂ ಕೈಬಿಡಬೇಡಿ. ವರ್ಗಸಮೀಕರಣ ಬಿಡಿಸುವಾಗ ಗುಣಲಬ್ಧ 56, ಮೊತ್ತ 15 ಆಗುವ ಎರಡು ಸಂಖ್ಯೆಗಳು ಬೇಕಾದರೆ, ‘ಏಳೆಂಟ್ಲ ಐವತ್ತಾರು’ ಎಂಬುದು ನಾಲಿಗೆಯ ತುದಿಯಲ್ಲಿರುವ ಮಗುವಿಗೆ ಮುಂದಿನ ಹೆಜ್ಜೆ ಯೋಚಿಸಲು ಬಿಡುವಿರುತ್ತದೆ. ಮಗ್ಗಿ ಬಾರದ ಮಗು ಬೆರಳೆಣಿಸುವಷ್ಟರಲ್ಲಿ ತಾನು ಹುಡುಕುತ್ತಿದ್ದುದು ಏನೆಂಬುದನ್ನೇ ಮರೆತಿರುತ್ತದೆ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸಾಧನೆ ಮಗ್ಗಿಯಲ್ಲ. ಇಲ್ಲಿ ನೆನಪಿಡಬೇಕಾದದ್ದು ಒಂದೇ: ಲಂಬಕೋನವಿರುವ ಶೃಂಗದಿಂದ ವಿಕರ್ಣಕ್ಕೆ ಲಂಬ ಎಳೆಯುವುದು. ಆಗ ದೊರೆಯುವ ಎರಡು ಚಿಕ್ಕ ತ್ರಿಭುಜಗಳೂ ಮೂಲ ತ್ರಿಭುಜಕ್ಕೆ ಸಮರೂಪವಾಗಿರುವುದರಿಂದ, ಪ್ರತಿಯೊಂದು ಬಾಹುವಿನ ವರ್ಗವೂ ವಿಕರ್ಣ ಮತ್ತು ಆ ಬಾಹುವಿಗೆ ತಾಗಿದ ವಿಕರ್ಣದ ತುಂಡು, ಇವೆರಡರ ಗುಣಲಬ್ಧಕ್ಕೆ ಸಮನಾಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಹೇಳುವುದಕ್ಕೆ ಮೊದಲು ಮಕ್ಕಳಿಂದಲೇ 6, 8, 10 ಸೆಂಟಿಮೀಟರ್‌ಗಳ ತ್ರಿಭುಜ ಬರೆಯಿಸಿ, ಲಂಬ ಎಳೆಸಿ, ತುಂಡುಗಳನ್ನು ಅಳೆಯಿಸಿ. 3.6 ಮತ್ತು 6.4 ಸೆಂಟಿಮೀಟರ್ ಬರುತ್ತದೆ (ಪೆನ್ಸಿಲ್ ಮೊಂಡಾಗಿದ್ದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ). 10ನ್ನು 3.6ರಿಂದ ಗುಣಿಸಿದರೆ 36, 6.4ರಿಂದ ಗುಣಿಸಿದರೆ 64, ಕೂಡಿದರೆ 100. ಎರಡು ತುಂಡುಗಳು ಸೇರಿ ವಿಕರ್ಣವೇ ಆಗುವುದರಿಂದ ಮೊತ್ತವು ವಿಕರ್ಣದ ವರ್ಗವಾಗಲೇಬೇಕೆಂಬುದನ್ನು ಇಷ್ಟು ಮಾಡಿದ ಮಗು ತಾನೇ ಹೇಳಬಲ್ಲದು. ಅಲ್ಲಿಂದ ಮುಂದೆ ಶೃಂಗಕ್ಕೆ ಯಾವ ಹೆಸರಿಟ್ಟರೂ ಅದು ಹೆದರುವುದಿಲ್ಲ.

ಉತ್ತರ 3:
ಕಲಿಕೆ ಕಂಠಪಾಠದಿಂದ ದೂರ ಸರಿಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ ಪ್ರಶ್ನೆಪತ್ರಿಕೆ ಅದೇ ಸಾಧನೆಯನ್ನು ಅದೇ ರೂಪದಲ್ಲಿ ಕೇಳುತ್ತಿರುವವರೆಗೆ, ಫಲಿತಾಂಶಕ್ಕೆ ಉತ್ತರ ಕೊಡಬೇಕಾದ ಶಿಕ್ಷಕರು ಬಾಯಿಪಾಠದ ಮೊರೆಹೋಗುವುದು ಸಹಜ. ತೇರ್ಗಡೆಯ ಅಂಚಿನಲ್ಲಿರುವ, ಅನುತ್ತೀರ್ಣವಾದರೆ ಓದನ್ನೇ ನಿಲ್ಲಿಸಬಹುದಾದ ಮಗುವಿಗೆ ಆ ಪ್ಯಾಕೇಜನ್ನು ನಿರಾಕರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಉಳಿದ ಮಕ್ಕಳಿಗಾದರೂ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಕ್ಷರಗಳನ್ನು ಬದಲಿಸಿ, ಚಿತ್ರವನ್ನು ತಿರುಗಿಸಿ ಕೇಳಿ, ‘ಈ ಲಂಬವನ್ನು ಏಕೆ ಎಳೆದಿರಿ?’ ಎಂಬುದಕ್ಕೆ ಪ್ರತ್ಯೇಕವಾಗಿ ಒಂದು ಅಂಕ ಇಡಬಹುದು.